ಇಲಿಯ ಯಕೃತ್ತನ್ನು ಉಳಿಸಿದ್ದು ನೆಲನೆಲ್ಲಿಯೇ?

ಕೇಳುಗರಿಗೆ ನಮಸ್ಕಾರ. ಕಾಮಾಲೆ ಅಂದ ಕೂಡಲೆ ನಮ್ಮ ಹಳ್ಳಿಗಳಲ್ಲಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಾರೆ. ಮಾತ್ರೆಗಳಿಂದ ಕೆಡುವ ಯಕೃತ್ತನ್ನೂ ಅದು ಕಾಯುತ್ತದೆಯೇ? ಪರೀಕ್ಷಿಸಲು ಪ್ರಯೋಗಾಲಯದವರು ಹೆಚ್ಚಾಗಿ ಬಳಸುವುದು ಜ್ವರದ ಮಾತ್ರೆ ಪ್ಯಾರಾಸಿಟಮಾಲನ್ನೇ.

ಪ್ಯಾರಾಸಿಟಮಾಲ್ ನೇರವಾಗಿ ವಿಷವಲ್ಲ. ಯಕೃತ್ತಿನ ಕಿಣ್ವಗಳು ಅದರ ಒಂದು ಪಾಲನ್ನು ಉಗ್ರ ವಸ್ತುವಾಗಿ ಬದಲಿಸುತ್ತವೆ. ಯಕೃತ್ತಿನಲ್ಲೇ ಇರುವ ಕಾವಲು ವಸ್ತು ಗ್ಲುಟಾಥಯೋನ್ ತಾನು ಇರುವ ತನಕ ಅದನ್ನು ತಡೆಯುತ್ತದೆ. ಅದು ಬರಿದಾದರೆ ಜೀವಕೋಶಗಳು ಸಾಯುತ್ತವೆ.

ಹೊಲದ ಬದುವಿನಲ್ಲಿ ನೆಲನೆಲ್ಲಿಯ ದಾಯಾದಿ ಗಿಡಗಳೂ ಇರುತ್ತವೆ, ಹಾಗಾಗಿ ಮೊದಲು ಸಸ್ಯಶಾಸ್ತ್ರಜ್ಞರಿಂದ ಗುರುತು ಹಿಡಿಸಬೇಕು. ನೆರಳಲ್ಲಿ ಒಣಗಿಸಿದ 100 ಗ್ರಾಂ ಪುಡಿಯನ್ನು ಒಂದು ಲೀಟರ್ 70 ಶೇಕಡಾ ಎಥನಾಲಿನಲ್ಲಿ ಮೂರು ದಿನ ನೆನೆಸಿ, ಸೋಸಿ, 50 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಂಗಿಸಿ ಸಾರ ತೆಗೆಯಬಹುದು. ಎಥನಾಲ್ ಉಳಿಯಕೂಡದು. ಯಾಕೆಂದು ಆಮೇಲೆ ಹೇಳುತ್ತೇನೆ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಆರಾರು ಇಲಿಗಳ ಗುಂಪು: ಏನೂ ಕೊಡದವು, ಪ್ಯಾರಾಸಿಟಮಾಲ್ ಮಾತ್ರ, ಪ್ಯಾರಾಸಿಟಮಾಲ್ ಜೊತೆ ಹೋಲಿಕೆಗೆ ಸಿಲಿಮರಿನ್ (ಯಕೃತ್ತಿಗೆ ಬಳಸುವ ಒಂದು ಸಸ್ಯಮೂಲದ ಔಷಧಿ), ಪ್ಯಾರಾಸಿಟಮಾಲ್ ಜೊತೆ ಸಾರದ ಎರಡು ಪ್ರಮಾಣ, ಸಾರ ಮಾತ್ರ. ಇಲಿಗೆ ಪ್ಯಾರಾಸಿಟಮಾಲ್ ಕಿಲೋ ತೂಕಕ್ಕೆ ಎರಡು ಗ್ರಾಂ. 180 ಗ್ರಾಂ ಇಲಿಗೆ 360 ಮಿಲಿಗ್ರಾಂ. ಹಿಂದಿನ ರಾತ್ರಿ ಉಪವಾಸ ಬೇಕು, ಹೊಟ್ಟೆ ತುಂಬಿದ ಇಲಿ ವಿಷವನ್ನು ತಡೆದುಕೊಂಡುಬಿಡುತ್ತದೆ. ಪ್ಯಾರಾಸಿಟಮಾಲ್ ಪುಡಿ ನೀರಿನಲ್ಲಿ ಸರಿಯಾಗಿ ಕರಗದೆ ತಳ ಹಿಡಿಯುತ್ತದೆ. ಪ್ರತಿ ಸಲ ಅಲ್ಲಾಡಿಸದೆ ಸಿರಿಂಜಿಗೆ ಎಳೆದರೆ ಒಂದು ಇಲಿಗೆ ತಿಳಿನೀರು, ಇನ್ನೊಂದಕ್ಕೆ ಗಸಿ!

ಮರುದಿನ ರಕ್ತದಲ್ಲಿ, ಯಕೃತ್ತಿನ ಕೋಶಗಳು ಕೆಟ್ಟಾಗ ಸೋರಿ ಬರುವ ಎಎಲ್‌ಟಿ, ಎಎಸ್‌ಟಿ ನೋಡುತ್ತಾರೆ. ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಕೆಂಪಾಗಿದ್ದರೆ ಮಾದರಿ ಬಿಸಾಡಿ. ಒಡೆದ ಕೆಂಪು ಕಣಗಳಿಂದಲೂ ಎಎಸ್‌ಟಿ ಏರುತ್ತದೆ. ಯಕೃತ್ತಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಯಾವುದು ಯಾವ ಗುಂಪಿನದೆಂದು ತಿಳಿದಿರಬಾರದು.

ಎಎಲ್‌ಟಿ ಇಳಿಯಿತು ಅನ್ನಿ. ಸಾರ ಗೆದ್ದಿತೇ? ಬಹಳಷ್ಟು ಪ್ರಯೋಗಗಳು ಎಡವುವುದು ಇಲ್ಲೇ. ಪ್ಯಾರಾಸಿಟಮಾಲಿಗಿಂತ ಮುಂಚೆ ಕೊಟ್ಟ ಸಾರ, ಅದನ್ನು ಉಗ್ರ ವಸ್ತುವಾಗಿಸುವ ಕಿಣ್ವಗಳನ್ನೇ ಕಟ್ಟಿಹಾಕಿದ್ದರೆ ವಿಷ ಹುಟ್ಟಿಯೇ ಇರುವುದಿಲ್ಲ, ಕಾಪಾಡುವ ಮಾತೆಲ್ಲಿ? ಉಳಿದ ಎಥನಾಲೂ, ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಕೂಡ ಇದನ್ನೇ ಮಾಡುತ್ತವೆ. ಆದ್ದರಿಂದ ದ್ರಾವಕ ಮಾತ್ರ ಕೊಟ್ಟ ಗುಂಪೂ ಬೇಕು. ಪ್ಯಾರಾಸಿಟಮಾಲ್ ಕೊಟ್ಟ ಮೊದಲ ಕೆಲವು ಗಂಟೆಗಳಲ್ಲಿ ಗ್ಲುಟಾಥಯೋನ್ ಎಷ್ಟು ಕುಸಿಯಿತು ಅಂತಲೂ ಅಳೆಯಬೇಕು: ಸಾರ ಕೊಟ್ಟ ಇಲಿಯಲ್ಲಿ ಅದು ಕುಸಿಯದೇ ಇದ್ದರೆ ಮೊದಲ ಅನುಮಾನ ಕಿಣ್ವದ ಮೇಲೆ. ಆಸ್ಪತ್ರೆಗೆ ಬರುವವರು ಮಾತ್ರೆ ನುಂಗಿದ ಮೇಲೆಯೇ ತಾನೆ ಬರುವುದು? ಇನ್ನೊಂದು ಗುಂಪಿಗೆ ಪ್ಯಾರಾಸಿಟಮಾಲ್ ಕೊಟ್ಟು ಎರಡು ಗಂಟೆ ಕಳೆದ ಮೇಲೆ ಸಾರ ಕುಡಿಸಿ ನೋಡಬೇಕು.