ಬೆಟ್ಟಕ್ಕೆ ಬೆನ್ನು ಮಾಡಿ ನಿಂತಾಗ

ಕೇಳುಗರೇ, ನಮಸ್ಕಾರ.

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಗ್ರ್ಯಾಂಡ್ ಟೀಟನ್ ಎಂಬ ರಾಷ್ಟ್ರೀಯ ಉದ್ಯಾನವಿದೆ. 1929ರಲ್ಲಿ ಆದದ್ದು. ಚೂಪಾದ ಶಿಖರಗಳು, ಬುಡದಲ್ಲಿ ಸರೋವರಗಳು, ಈಚೆಗೆ ಅಗಲವಾದ ಬಯಲು. ಹೋದವರೆಲ್ಲ ಮೊದಲು ಬೆಟ್ಟದ ಫೋಟೋ ತೆಗೆಯುತ್ತಾರೆ. ತೆಗೆಯಲಿ, ಅಷ್ಟು ಚೆಂದದ ಬೆಟ್ಟಗಳವು. ಆಮೇಲೆ ಸ್ವಲ್ಪ ಹೊತ್ತು ಬೆಟ್ಟಕ್ಕೆ ಬೆನ್ನು ಮಾಡಿ, ಬಯಲಿನ ಕಡೆ ನೋಡಿ.

ಬೇಸಿಗೆಯಲ್ಲಿ ಅಲ್ಲಿ ಪ್ರಾಂಗ್‌ಹಾರ್ನ್‌ಗಳು ಮೇಯುತ್ತಿರುತ್ತವೆ. ನೋಡಲು ಜಿಂಕೆಯ ಹಾಗೆ. ಕಂದು ಮೈ, ಬಿಳಿ ಹೊಟ್ಟೆ. ಗಂಟೆಗೆ 80 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡಬಲ್ಲವು. ಆದರೆ ಆಳವಾದ ಹಿಮದಲ್ಲಿ ಆ ಓಟ ನಡೆಯುವುದಿಲ್ಲ, ಮೇವೂ ಸಿಗುವುದಿಲ್ಲ. ಅದಕ್ಕೇ ಚಳಿಗಾಲಕ್ಕೆ ಮೊದಲೇ ಉದ್ಯಾನ ಬಿಟ್ಟು ಹೊರಡುತ್ತವೆ. ಗ್ರೋ ವಾಂಟ್ ಬೆಟ್ಟಸಾಲು ಹತ್ತಿ ಇಳಿದು, 150 ಕಿಲೋಮೀಟರ್‌ಗೂ ಹೆಚ್ಚು ನಡೆದು, ಗ್ರೀನ್ ನದಿಯ ಬಯಲು ಸೇರುತ್ತವೆ. ಹಿಮ ಕರಗಿದ ಮೇಲೆ ಅದೇ ದಾರಿಯಲ್ಲಿ ವಾಪಸ್.

ಆ ದಾರಿಯಲ್ಲಿ, ಪೈನ್‌ಡೇಲ್ ಊರಿನ ಹತ್ತಿರ, ಟ್ರ್ಯಾಪರ್ಸ್ ಪಾಯಿಂಟ್ ಎಂಬ ಇಕ್ಕಟ್ಟಿನ ಜಾಗವಿದೆ. ಅಲ್ಲಿ ನೆಲ ಅಗೆದಾಗ, ಸುಮಾರು 6,000 ವರ್ಷಗಳ ಹಿಂದೆ ಬೇಟೆಗಾರರು ಕೊಂದ ಪ್ರಾಂಗ್‌ಹಾರ್ನ್‌ಗಳ ಮೂಳೆ ಸಿಕ್ಕಿತು. ಆಗಲೂ ಇದೇ ಓಣಿಯಲ್ಲಿ ನಡೆಯುತ್ತಿದ್ದವು! ಉದ್ಯಾನದ ಗಡಿ ನಾವು ನಿನ್ನೆ ಮೊನ್ನೆ ಎಳೆದ ಗೆರೆ, ಅಲ್ವಾ?

ಇವಕ್ಕೆ ಬೇಲಿ ಹಾರುವ ಅಭ್ಯಾಸವಿಲ್ಲ. ಬಟ್ಟಬಯಲಿನಲ್ಲಿ ಹಾರುವಂಥದ್ದು ಏನಿತ್ತು? ಮುಳ್ಳುತಂತಿ ಎದುರಾದರೆ ಅಡಿಯಲ್ಲಿ ನುಸುಳುತ್ತವೆ, ಬೆನ್ನಿನ ಕೂದಲು ಕಿತ್ತುಬರುತ್ತದೆ. ತಂತಿ ತೀರಾ ಕೆಳಗಿದ್ದರೆ ಬೇಲಿಯ ಉದ್ದಕ್ಕೂ ಅಲೆಯುತ್ತವೆ. ನೆನೆದರೆ ಹೊಟ್ಟೆ ಉರಿಯುತ್ತದೆ. 2008ರಲ್ಲಿ ಅಲ್ಲಿನ ಅರಣ್ಯ ಇಲಾಖೆ ತನ್ನ ಕಾಡಿನೊಳಗೆ ಹಾಯುವ ದಾರಿಗೆ ರಕ್ಷಣೆ ಕೊಟ್ಟಿತು. 2012ರಲ್ಲಿ ಟ್ರ್ಯಾಪರ್ಸ್ ಪಾಯಿಂಟ್‌ನ ಹೆದ್ದಾರಿಗೆ ಪ್ರಾಣಿಗಳಿಗೆಂದೇ ಒಂದು ಸೇತುವೆ ಬಂತು. ಕೆಳಗೆ ಲಾರಿ ಕಾರು, ಮೇಲೆ ಪ್ರಾಂಗ್‌ಹಾರ್ನ್. ಎಂಥ ಒಳ್ಳೆಯ ಕೆಲಸ!

ಉದ್ಯಾನದ ನಿಯಮ ಸರಳ. ಕರಡಿ, ತೋಳಗಳಿಂದ 100 ಗಜ ದೂರ. ಉಳಿದ ಪ್ರಾಣಿಗಳಿಂದ 25 ಗಜ. ಅಳತೆ ಗೊತ್ತಾಗದಿದ್ದರೆ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ. ಪ್ರಾಣಿ ಪೂರ್ತಿ ಬೆರಳ ಹಿಂದೆ ಮರೆಯಾಗಬೇಕು. ಮರೆಯಾಗಿಯೂ ಅದು ಮೇಯುವುದು ಬಿಟ್ಟು ನಿಮ್ಮನ್ನೇ ನೋಡುತ್ತಿದ್ದರೆ, ಇನ್ನೂ ಹಿಂದೆ ಸರಿಯಿರಿ. ಪಯಣಕ್ಕೆ ಬೇಕಾದ ಕೊಬ್ಬನ್ನು ಅದು ಆಗ ಕೂಡಿಸಿಕೊಳ್ಳುತ್ತಿರುತ್ತದೆ. ನಮ್ಮ ಒಂದು ಫೋಟೋಗಾಗಿ ಸುಮ್ನೆ ಓಡಿಸುವುದು ಬೇಡ.

ಹಿಂಡು ರಸ್ತೆ ದಾಟುವಾಗ, ಮೊದಲಿನ ನಾಲ್ಕು ದಾಟಿದವು ಅಂತ ಕಾರು ಮುಂದೆ ಬಿಡಬೇಡಿ. ಇಂಜಿನ್ ಆರಿಸಿ ಕಾಯಿರಿ. ಆ ವರ್ಷ ಹುಟ್ಟಿದ ಮರಿಗೆ ಅದು ಮೊದಲ ಪಯಣ. ತಾಯಿ ಆಚೆ ದಡದಲ್ಲಿ ನಿಂತು ತಿರುಗಿ ನೋಡುತ್ತಿರಬಹುದು.

ನಮಸ್ಕಾರ.