ನಮ್ಮ ಕಾಯ್ದೆಗೆ ಒಣಗಿದ ಊರು ಕಾಣುವುದಿಲ್ಲ

ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಉಳ್ಳಾಗಡ್ಡಿಯ ದರ ಏಕೆ ಹೀಗೆ ಕುಣಿಯುತ್ತದೆ ಎಂದು ಆರು ಪುಟ. ಅದನ್ನು ಎತ್ತಿಟ್ಟಿದ್ದೇನೆ. ಕಳೆದ ಕಂತಿನ ಕೆಳಗೆ ಒಬ್ಬ ಮಹನೀಯರು ಒಂದು ಕಾಮೆಂಟ್ ಹಾಕಿದ್ದಾರೆ, ಅದು ಮೂರು ದಿನದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಓದುತ್ತೇನೆ, ಕೇಳಿ.

"ಹೊಳೆಯ ದಂಡೆಗೆ ಮನೆ ಕಟ್ಟಿಕೊಂಡು ನೀರು ಬಂತು ಎಂದು ಅಳುವುದು ಏಕೆ? 2009ರಲ್ಲೇ ಹೊಸ ಮನೆ ಕೊಟ್ಟಿದ್ದಾರೆ. ನಮ್ಮ ತೆರಿಗೆ ಹಣ ಎಷ್ಟು ಸಲ ಕೊಡಬೇಕು?"

ಕೊನೆಗೆ ನಗುವ ಮುಖದ ಮೂರು ಚಿತ್ರ. ನನ್ನ ವಿಡಿಯೊಗಿಂತ ಆ ಕಾಮೆಂಟಿಗೇ ಹೆಚ್ಚು ಮೆಚ್ಚುಗೆ ಬಿದ್ದಿದೆ. ಬೀಳಲಿ. ಸಿಟ್ಟಿನಲ್ಲಿ ಮರೆಯುವ ಮೊದಲು ಹೇಳಿಬಿಡುತ್ತೇನೆ: ಇನ್ನೂ ಚಾನೆಲ್‌ಗೆ ಚಂದಾದಾರರಾಗದವರು ಆಗಿ. ಬೈಯುವುದಾದರೂ ಚಂದಾದಾರರಾಗಿ ಬೈಯಿರಿ.

ನಮ್ಮ ಊರು ಮಲಪ್ರಭೆಯ ದಂಡೆಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ದೊಡ್ಡಪ್ಪನ ಫೋನ್ ಬರುತ್ತದೆ. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ. ಮೊದಲು ಸಾಹೇಬರ ಪ್ರಶ್ನೆಗೆ ಬರೋಣ: ದಂಡೆಗೆ ಮನೆ ಕಟ್ಟಿದ್ದು ಏಕೆ? ಸಾಹೇಬರೇ, ಅದೇ ಹೊಳೆಯ ದಂಡೆಯಲ್ಲಿ ಪಟ್ಟದಕಲ್ಲು ಇದೆ. 8ನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿ ಅಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. 2009ರಲ್ಲಿ ಅಲ್ಲಿಗೂ ನೀರು ಬಂತು, 2019ರಲ್ಲೂ ಬಂತು. ದಯವಿಟ್ಟು ಆ ರಾಣಿಗೂ ಒಂದು ಕಾಮೆಂಟ್ ಹಾಕಿ. ನಗುವ ಮುಖ ಮರೆಯಬೇಡಿ.

ಈಗ ನಾನು ಹೇಳಬೇಕಾದ ಒಂದೇ ಮಾತು. ಈ ಕಂತಿನಲ್ಲಿ ಬೇರೆ ಮಾತಿಲ್ಲ. ನಮ್ಮ ಕಾಯ್ದೆಗೆ ಒಣಗಿದ ಊರು ಕಾಣುವುದಿಲ್ಲ. ಊರು ಮುಳುಗಬೇಕು, ಆಗ ಕಣ್ಣು ತೆರೆಯುತ್ತದೆ. ನೀರು ಇಳಿಯಿತೋ, ಕಣ್ಣು ಮುಚ್ಚಿತು.

ಸುಮ್ಮನೆ ಹೇಳುತ್ತಿಲ್ಲ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರಲ್ಲಿ ಎರಡು ಬಗೆಯ ನಿಧಿ ಹೇಳಿದ್ದಾರೆ. ವಿಪತ್ತು ಬಂದ ಮೇಲೆ ಖರ್ಚು ಮಾಡಲು ಒಂದು, ಅದು 46ನೆಯ ಸೆಕ್ಷನ್. ವಿಪತ್ತಿನ ಪೆಟ್ಟು ಮೊದಲೇ ತಗ್ಗಿಸಲು ಇನ್ನೊಂದು, ಅದು 47ನೆಯ ಸೆಕ್ಷನ್. ಕಾಯ್ದೆಯ ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದ ಮನೆ. ಮೊದಲನೆಯದು ಕೈಗೆ ಬಂತು. ಎರಡನೆಯದು? 2016ರಲ್ಲಿ ಬರಗಾಲದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೇಳಬೇಕಾಯಿತು, ಎಲ್ಲಿದೆ ಆ ನಿಧಿ, ಮೂರು ತಿಂಗಳೊಳಗೆ ಸ್ಥಾಪಿಸಿ ಎಂದು. ರಾಷ್ಟ್ರಮಟ್ಟದ ಆ ನಿಧಿ ಹುಟ್ಟಿದ್ದು 2021ರಲ್ಲಿ. ಕಾಯ್ದೆಯಿಂದ ನಿಧಿಗೆ ಹದಿನಾರು ವರ್ಷ. ಈ ನಡುವೆ ನಮ್ಮ ಊರು ಎರಡು ಸಲ ಮುಳುಗಿ ಎದ್ದಿತ್ತು.

ಸರಿ, ತಡವಾದರೂ ಬಂತಲ್ಲ ಎನ್ನುತ್ತೀರಿ. ಬಂತು. ಎಷ್ಟು ಬಂತು? 15ನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗೆ ಒಟ್ಟು 1,60,153 ಕೋಟಿ ರೂಪಾಯಿ ಲೆಕ್ಕ ಹಾಕಿತು. ಅದರಲ್ಲಿ ಶೇ 80 ಬಹುಪಾಲು ವಿಪತ್ತು ಬಂದ ಮೇಲಿನ ಕೆಲಸಕ್ಕೆ, ಶೇ 20 ಬರುವ ಮೊದಲಿನ ಕೆಲಸಕ್ಕೆ. ಹತ್ತು ರೂಪಾಯಿಯಲ್ಲಿ ಎಂಟು ರೂಪಾಯಿ ಮುಳುಗಿದ ಮೇಲೆ, ಎರಡು ರೂಪಾಯಿ ಮುಳುಗದಿರಲು. ಆ ಎರಡು ರೂಪಾಯಿಯಲ್ಲಿ ಸಿಡಿಲು ಬೇಕು, ಭೂಕುಸಿತ ಬೇಕು, ಬರ ಬೇಕು, ಕಡಲಕೊರೆತ ಬೇಕು. ಆಮೇಲೆ ಮಲಪ್ರಭೆ. ನಮ್ಮ ಅವ್ವ ಸಂತೆಗೆ ಹೋಗುವಾಗ ಎಲೆ ಅಡಿಕೆಗೆ ಇದಕ್ಕಿಂತ ಹೆಚ್ಚು ತೆಗೆದಿಡುತ್ತಾಳೆ.

ಇನ್ನು ಮುಳುಗಿದ ಮೇಲಿನ ಆ ಎಂಟು ರೂಪಾಯಿ. ಅದನ್ನು ಕೊಡುವುದಕ್ಕೆ ಕೇಂದ್ರ ಗೃಹ ಸಚಿವಾಲಯದ ಒಂದು ಮಾನದಂಡದ ಪಟ್ಟಿ ಇದೆ. ಸಾಹಿತ್ಯ ಪ್ರಿಯರು ಓದಲೇಬೇಕು. 2022ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಬಟ್ಟೆಬರೆಗೆ ಒಂದು ಕುಟುಂಬಕ್ಕೆ 2,500 ರೂಪಾಯಿ, ಪಾತ್ರೆ ಪಗಡಕ್ಕೆ 2,500. ಯಾವಾಗ? ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಅಥವಾ ಎರಡು ದಿನಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ನಿಂತಿರಬೇಕು. ಒಂದೂವರೆ ದಿನಕ್ಕೆ ನೀರು ಇಳಿದರೆ? ಹೊಳೆಗೆ ಕೈಮುಗಿದು, ತಾಯೀ, ಇನ್ನು ಅರ್ಧ ದಿನ ನಿಲ್ಲು, ಪಟ್ಟಿಯಲ್ಲಿ ಹೀಗಿದೆ ಎಂದು ಕೇಳಿಕೊಳ್ಳಬೇಕು. ಹೊಲದಲ್ಲಿ ಹೂಳು ತುಂಬಿದರೆ ತೆಗೆಸಲು ಹೆಕ್ಟೇರಿಗೆ 18,000. ಆದರೆ ಹೂಳು ಮೂರು ಇಂಚಿಗಿಂತ ದಪ್ಪ ಇರಬೇಕು. ಎರಡೂವರೆ ಇಂಚು ಬಂದರೆ ಅದು ಹೂಳಲ್ಲ, ಗೊಬ್ಬರ ಎಂದು ತಿಳಿದುಕೊಳ್ಳಿ. ಮಳೆಯಾಶ್ರಿತ ಬೆಳೆ ಹೋದರೆ ಹೆಕ್ಟೇರಿಗೆ 8,500, ಅದೂ ಎರಡು ಹೆಕ್ಟೇರಿನವರೆಗೆ, ಅದೂ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ. ಎಕರೆಗೆ ಲೆಕ್ಕ ಹಾಕಿ, ಸುಮಾರು 3,440 ರೂಪಾಯಿ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆದವರ ಕೂಲಿ ಎಲ್ಲ ಇದರಲ್ಲೇ. ಉಳಿದರೆ ಸಾಹೇಬರಿಗೆ ತೆರಿಗೆ ವಾಪಸು ಕೊಡುತ್ತೇವೆ.

ಆದರೆ ನೋಡಿ, ಈ ಪಟ್ಟಿಯಲ್ಲಿ ನಗುವಂಥದ್ದು ದರ ಮಾತ್ರವಲ್ಲ. ಆ ಷರತ್ತುಗಳನ್ನೇ ಇನ್ನೊಮ್ಮೆ ಕೇಳಿಸಿಕೊಳ್ಳಿ. ಎಷ್ಟು ದಿನ ಮುಳುಗಿದ್ದೀರಿ, ಎಷ್ಟು ಇಂಚು ಹೂಳು, ಗೋಡೆ ಶೇಕಡಾ ಎಷ್ಟು ಬಿದ್ದಿದೆ. ಎಲ್ಲವೂ ಮುಳುಗಿದ್ದರ ಅಳತೆ. ಮುಳುಗದಿರಲು ಏನು ಬೇಕು ಎಂದು ಅಳೆಯಲು ನಮ್ಮ ಊರಿಗೆ ಟೇಪು ಹಿಡಿದುಕೊಂಡು ಒಬ್ಬನೂ ಬಂದದ್ದನ್ನು ನಾನು ಕಂಡಿಲ್ಲ. ಒಣಗಿದ ಊರು ಕಾಣುವುದಿಲ್ಲ ಎಂದೆನಲ್ಲ, ಇದೇ.

2019ರ ಲೆಕ್ಕ ಹೇಳುತ್ತೇನೆ. ರಾಜ್ಯ ಸರ್ಕಾರ ಅಂದಾಜು ಮಾಡಿದ ನಷ್ಟ 35 ಸಾವಿರ ಕೋಟಿಗೂ ಹೆಚ್ಚು. ಆಗಸ್ಟ್‌ನಲ್ಲಿ ಹೊಳೆ ಬಂತು, ಅಕ್ಟೋಬರ್‌ನಲ್ಲಿ ಕೇಂದ್ರದಿಂದ ಮಧ್ಯಂತರವಾಗಿ 1,200 ಕೋಟಿ ಬಂತು, ಮರು ಜನವರಿಯಲ್ಲಿ ಮಂಜೂರಾದದ್ದನ್ನೂ ಸೇರಿಸಿದರೆ ಸುಮಾರು 1,870 ಕೋಟಿ. ಪೂರ್ತಿ ಬಿದ್ದ ಮನೆಗೆ ಆಗಿನ ಮಾನದಂಡ 95,100 ರೂಪಾಯಿ. ರಾಜ್ಯ ತನ್ನ ಕೈಯಿಂದ ಸೇರಿಸಿ ಐದು ಲಕ್ಷ ಮಾಡಿತು. ಒಳ್ಳೆಯದೇ, ಇಲ್ಲ ಎನ್ನುವುದಿಲ್ಲ. 2025ರಲ್ಲಿ ಭೀಮೆ ಬಂದು ಕಲಬುರಗಿ, ಯಾದಗಿರಿ ಕಡೆಯ ತೊಗರಿ ಹೊಲಗಳು ಕೆರೆಯಾದಾಗಲೂ ರಾಜ್ಯ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತು. ಪರಿಹಾರ ಇಮ್ಮಡಿ! ಚಪ್ಪಾಳೆ! ತಡೆಯುವ ಕೆಲಸಕ್ಕೆ ಇಮ್ಮಡಿ ಎಂದು ಯಾವ ಸರ್ಕಾರವಾದರೂ ಮೈಕಿನ ಮುಂದೆ ಹೇಳಿದ್ದು ನೆನಪಿದೆಯೇ? ಹೇಳುವುದಿಲ್ಲ. ಮುಳುಗದ ಊರಿನಲ್ಲಿ ಯಾರಿಗೆ ಚೆಕ್ ಕೊಡುವುದು, ಯಾರ ಜೊತೆ ಫೋಟೊ ತೆಗೆಸಿಕೊಳ್ಳುವುದು?

ಗಂಜಿ ಕೇಂದ್ರವನ್ನು ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ನಮ್ಮಲ್ಲಿ ಪ್ರಗತಿ ಆಗಿಲ್ಲ ಎಂದು ಯಾರೂ ಹೇಳಬೇಡಿ.

ಇನ್ನು ಸಾಹೇಬರ ಎರಡನೆಯ ಬಾಣ: 2009ರಲ್ಲೇ ಮನೆ ಕೊಟ್ಟರಲ್ಲ. ಕೊಟ್ಟರು. ನೆರೆಯಲ್ಲಿ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ಆಸರೆ ಮನೆ. ನಮ್ಮ ಕಾಕಾನಿಗೂ ಒಂದು ಬಂತು, ಹೊಲದಿಂದ ನಾಲ್ಕು ಕಿಲೋಮೀಟರ್ ದೂರ, ಎರಡು ಎತ್ತು ಮತ್ತು ಒಂದು ಎಮ್ಮೆ ಕಟ್ಟಲು ಜಾಗವಿಲ್ಲ, ಮೇವಿನ ಬಣವೆ ಒಟ್ಟಲು ಜಾಗವಿಲ್ಲ, ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಅಲೆದಾಟ. ಅಲ್ಲಿ ಕಾಕಾ ಮಲಗುವುದು, ಎತ್ತು ಹಳೆಯ ಊರಿನಲ್ಲಿ ಮಲಗುವುದು! ಎತ್ತು ಒಂದು ಕಡೆ, ಒಕ್ಕಲುತನ ಮಾಡುವವನು ಒಂದು ಕಡೆ. ಆರು ತಿಂಗಳು ನೋಡಿದರು, ತಿರುಗಿ ಬಂದರು. ಆ ಮನೆಯ ಸುತ್ತ ಈಗ ಜಾಲಿ ಬೆಳೆದು ನಿಂತಿದೆ. ಬೆಂಗಳೂರಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದ ಮನೆಯನ್ನು ಸಾಹೇಬರು ಬಾಡಿಗೆಗೂ ಹಿಡಿಯುವುದಿಲ್ಲ. ಎತ್ತಿನ ಮಾತು ಬಂದರೆ ಮಾತ್ರ ನಮಗೆ ಬುದ್ಧಿ ಹೇಳುತ್ತಾರೆ.

ಕಾಕಾನ ಮಾತು ಬಂದಾಗ ನೆನಪಾಯಿತು. ನಮ್ಮ ವೈನಿ, ಅಂದರೆ ಅತ್ತಿಗೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ಕಳುಹಿಸುತ್ತಾರೆ. ವಿವರ ವಿಡಿಯೊದ ಕೆಳಗಿದೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ನೆರೆ ಬರುವ ಊರಿನ ಅಡುಗೆ, ಕೆಡದಂತೆ ಇರಲೇಬೇಕಲ್ಲ.

ಈಗ ದೊಡ್ಡಪ್ಪನ ವಿಷಯ. ಕಾಮೆಂಟಿನ ಕೆಳಗೆ ಇನ್ನೊಬ್ಬರು ಬರೆದಿದ್ದಾರೆ, ಹೊಳೆ ಒತ್ತುವರಿ ಮಾಡಿದ್ದು ರೈತರೇ ಎಂದು. ಹೌದು. ಮಾಡಿದ್ದಾರೆ. ನಮ್ಮ ದೊಡ್ಡಪ್ಪನ ಕಬ್ಬು ಹೊಳೆಯೊಳಗೆ ಹನ್ನೆರಡು ಸಾಲು ಮುಂದೆ ಹೋಗಿದೆ. ದೊಡ್ಡಪ್ಪಾ, ಕ್ಷಮಿಸು. ಆದರೆ ಹೇಗೆ ಹೋಯಿತು ಎಂದು ಕೇಳಬೇಕಲ್ಲ? 1970ರ ದಶಕದಲ್ಲಿ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. ಸುಮಾರು 37 ಟಿಎಂಸಿ ಅಡಿ ನೀರು ಅಲ್ಲೇ ನಿಂತಿತು. ಕೆಳಗಿನ ಹೊಳೆ ವರ್ಷದ ಬಹುಭಾಗ ಬಡಕಲಾಯಿತು. ಒಣಗಿದ ಪಾತ್ರದಲ್ಲಿ ಜಾಲಿ ಬಂತು, ಹೂಳು ಕುಳಿತಿತು, ಹೂಳಿನ ಮೇಲೆ ಬೆಳೆ ಚೆನ್ನಾಗಿ ಬಂತು. ಈ ವರ್ಷ ಎರಡು ಸಾಲು, ಮುಂದಿನ ವರ್ಷ ಮೂರು ಸಾಲು. ಕಬ್ಬು ನಡೆಯುವುದಿಲ್ಲ ಎಂದವರು ಯಾರು? ಕಬ್ಬು ನಡೆಯುತ್ತದೆ. ನಿಧಾನವಾಗಿ, ಯಾರೂ ನೋಡದಾಗ. ಹತ್ತು ವರ್ಷಕ್ಕೊಮ್ಮೆ ಜಲಾಶಯ ತುಂಬಿ ಗೇಟು ಎತ್ತಿದಾಗ ಹೊಳೆ ತನ್ನ ಹಳೆಯ ದಾರಿ ಹುಡುಕುತ್ತದೆ. ಅಲ್ಲಿ ದೊಡ್ಡಪ್ಪನ ಕಬ್ಬು. ಹಾಗಾಗಿ ಅದು ಬಸವಣ್ಣನ ಗುಡಿಯ ಓಣಿಗೆ ನುಗ್ಗುತ್ತದೆ.

ಇಲ್ಲಿಯವರೆಗೆ ಹೊಳೆ, ಇಲ್ಲಿಂದ ಹೊಲ ಎಂದು ಕಲ್ಲು ನೆಡುವುದು ಯಾರ ಕೆಲಸ? ಅದಕ್ಕೊಂದು ಕಾಯ್ದೆ ಬೇಕು. ಅದರ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತ್ತು. ನೆರೆ ಬಯಲನ್ನು ವಲಯಗಳಾಗಿ ಗುರುತಿಸಿ, ಯಾವ ಮಟ್ಟದವರೆಗೆ ನೀರು ಬರುತ್ತದೆ, ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ನಿಗದಿ ಮಾಡಿ ಎಂದು. ಹೊಳೆಯ ವಿಷಯ ರಾಜ್ಯದ ಕೈಯಲ್ಲಿದೆ, ರಾಜ್ಯವೇ ಕಾಯ್ದೆ ಮಾಡಬೇಕು. ಮಣಿಪುರ 1978ರಲ್ಲಿ ಮಾಡಿತು. ರಾಜಸ್ಥಾನ ಮಾಡಿತು, ಮರಳುಗಾಡಿನ ರಾಜಸ್ಥಾನ! ಆಮೇಲೆ ಉತ್ತರಾಖಂಡ, ಆಗಿನ ಜಮ್ಮು ಮತ್ತು ಕಾಶ್ಮೀರ. ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆ, ತುಂಗಭದ್ರೆ, ಕಾವೇರಿ ಎಲ್ಲ ಇಟ್ಟುಕೊಂಡ ಕರ್ನಾಟಕ? ಪಟ್ಟಿಯಲ್ಲಿ ಹೆಸರಿಲ್ಲ. ಅರ್ಧ ಶತಮಾನ. 1975ರಲ್ಲಿ ಹುಟ್ಟಿದವರಿಗೆ ಮೊಮ್ಮಕ್ಕಳಾಗಿದ್ದಾರೆ. ಮಸೂದೆಗೆ ಇನ್ನೂ ಹೆಣ್ಣು ನೋಡುತ್ತಿದ್ದಾರೆ.

ಕಾಯ್ದೆ ಬಂದರೆ ರೈತರ ಜಮೀನು ಹೋಗುತ್ತದೆ ಎನ್ನುತ್ತಾರೆ. ಈಗ ಹೋಗುತ್ತಿಲ್ಲವೇ? ಒಂದೇ ರಾತ್ರಿಯಲ್ಲಿ ಹೋಗುತ್ತದೆ, ನೋಟಿಸೂ ಇಲ್ಲದೆ. ಕಲ್ಲು ನೆಟ್ಟು, ಬಿಟ್ಟ ಜಮೀನಿಗೆ ಬೆಲೆ ಕಟ್ಟಿ ಕೊಟ್ಟರೆ ದೊಡ್ಡಪ್ಪನೂ ಒಪ್ಪುತ್ತಾರೆ. ಎರಡು ದಿನ ಬೈಯುತ್ತಾರೆ, ಮೂರನೆಯ ದಿನ ಒಪ್ಪುತ್ತಾರೆ. ಇನ್ನೊಬ್ಬರು ತಡೆಗೋಡೆ ಕಟ್ಟಿ ಎನ್ನುತ್ತಾರೆ. ಕಟ್ಟಿ, ಆದರೆ ಈ ದಂಡೆಗೆ ಗೋಡೆ ಕಟ್ಟಿದರೆ ನೀರು ಆ ದಂಡೆಯ ಊರಿಗೆ ಹೋಗುತ್ತದೆ. ನಮ್ಮ ಅಕ್ಕನನ್ನು ಕೊಟ್ಟಿದ್ದು ಆ ದಂಡೆಗೆ. ನಾನು ಅಲ್ಲಿಗೆ ಹೋಳಿಗೆ ತಿನ್ನಲು ಹೋಗಬೇಕೋ ಬೇಡವೋ?

ಬರೆದಿಟ್ಟುಕೊಂಡಿದ್ದರಲ್ಲಿ ಇನ್ನೂ ಎರಡು ಅಂಶಗಳಿದ್ದವು. ಒಂದು ಕೇಂದ್ರದ ಪ್ರವಾಹ ನಿರ್ವಹಣೆ ಮತ್ತು ಗಡಿ ಪ್ರದೇಶಗಳ ಕಾರ್ಯಕ್ರಮ, 2021ರಿಂದ ಐದು ವರ್ಷಕ್ಕೆ ಇಡೀ ದೇಶಕ್ಕೆ 4,100 ಕೋಟಿ. ಅದರ ಮೇಲೆ ಒಂದು ಪುಟ ಬರೆದಿದ್ದೆ. ಓದುವುದಿಲ್ಲ. ದೇಶಕ್ಕೆ 4,100 ಕೋಟಿ, ನಮ್ಮ ಒಂದೇ ರಾಜ್ಯದ ಒಂದೇ ವರ್ಷದ ನಷ್ಟ 35 ಸಾವಿರ ಕೋಟಿ. ಇದಕ್ಕೆ ಪುಟ ಬೇಕೇ? ಇನ್ನೊಂದು ಅಂಶ ಯಾವುದೋ ಇತ್ತು, ಈ ಹಾಳೆಯ ಮೇಲೆ ಚಹಾ ಬಿದ್ದಿದೆ. ಹೋಗಲಿ.

ಸಾಹೇಬರೇ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಿಮ್ಮ ತೆರಿಗೆ ಹಣ ಎಷ್ಟು ಸಲ ಕೊಡಬೇಕು ಎಂದು ಕೇಳಿದಿರಿ. ಅದು ಒಳ್ಳೆಯ ಪ್ರಶ್ನೆ. ಅದನ್ನು ನಮ್ಮ ಅವ್ವನನ್ನು ಕೇಳಬೇಡಿ, ಅವಳು ರೊಟ್ಟಿ ಬಡಿಯುತ್ತಿರುತ್ತಾಳೆ, ಕೈಯಲ್ಲಿ ಏನಿರುತ್ತದೋ ಅದೇ ಬರುತ್ತದೆ. ನಿಮ್ಮ ಶಾಸಕರನ್ನು ಕೇಳಿ. ಮಾರ್ಚ್ ತಿಂಗಳಲ್ಲಿ ಕೇಳಿ, ಹೊಳೆ ಒಣಗಿದ್ದಾಗ, ಬಜೆಟ್ ಓದುವಾಗ. ಆಗಸ್ಟ್‌ನಲ್ಲಿ ಕೇಳಿದರೆ ಅವರು ದೋಣಿಯಲ್ಲಿರುತ್ತಾರೆ, ಕ್ಯಾಮೆರಾ ಜೊತೆಗಿರುತ್ತದೆ, ಕೇಳಿಸುವುದಿಲ್ಲ. ಆಗಸ್ಟ್‌ನಲ್ಲಿ ಎಲ್ಲರಿಗೂ ನಮ್ಮ ಊರು ಕಾಣುತ್ತದೆ! ಮೇಲಿಂದ ಹೆಲಿಕಾಪ್ಟರಿನಲ್ಲೂ ಕಾಣುತ್ತದೆ! ಮಾರ್ಚ್‌ನಲ್ಲಿ ಬಸ್ಸಿನ ಕಿಟಕಿಯಿಂದಲೂ ಕಾಣುವುದಿಲ್ಲ. ಒಣಗಿದ ಊರು. ಅದೇ ಊರು. ಅದೇ ಜನ. ಕಾಣುವುದಿಲ್ಲ!

ನೋಡಿ, ಫೋನ್ ಬರುತ್ತಿದೆ. ದೊಡ್ಡಪ್ಪ. ಇನ್ನೂ ವಿಡಿಯೊ ಹಾಕಿಯೇ ಇಲ್ಲ, ಹೇಗೆ ಗೊತ್ತಾಯಿತೋ. ವೈನಿ ಹೇಳಿರಬೇಕು. ರೊಟ್ಟಿ ಬೇಕಾದವರು ಶುಕ್ರವಾರದೊಳಗೆ ಹೇಳಿ, ಉಳ್ಳಾಗಡ್ಡಿ ಮುಂದಿನ ವಾರ. ಎತ್ತುತ್ತೇನೆ ತಡೆಯಿರಿ. ಹಲೋ, ದೊಡ್ಡಪ್ಪಾ… ಇಲ್ಲ, ಇಲ್ಲ, ನಿನ್ನ ಹೆಸರು ಹೇಳಿಲ್ಲ… ಹನ್ನೆರಡು ಸಾಲು ಎಂದೆ ಅಷ್ಟೇ… ಹದಿನಾಲ್ಕೇ?