ಭಾರ ಮೊದಲು, ಬಣ್ಣ ಆಮೇಲೆ

ನೋಡ್ರಿ, ವರದೆಯಲ್ಲಾಗಲಿ ತುಂಗಭದ್ರೆಯಲ್ಲಾಗಲಿ ಟ್ರೌಟ್ ಮೀನು ಇಲ್ಲ. ನಮ್ಮ ನೀರು ಅದಕ್ಕೆ ಬಿಸಿ. ಆದರೂ ಹಾವೇರಿ, ಗದಗದಿಂದ ಇಷ್ಟು ಜನ ಧಾರವಾಡಕ್ಕೆ ಬಂದಿದ್ದೀರಿ ಅಂದರೆ ಹಿಮಾಚಲದ ತೀರ್ಥನ್ ಹೊಳೆಗೆ ಹೋಗೋದು ಗಟ್ಟಿ ಅಂತಾಯ್ತು. ಗಾಳ ಬೀಸೋದನ್ನ ನಿಮಗೆ ನಾನೇನು ಹೇಳೋದು? ಡಬ್ಬಿಯಲ್ಲಿ ಯಾವ ನಿಂಫ್ (ನೀರೊಳಗಿನ ಮರಿಹುಳದ ಹಾಗೆ ಗಾಳಕ್ಕೆ ಕಟ್ಟಿದ ನಕಲಿ ಹುಳ), ಅದಕ್ಕೆ ಎಷ್ಟು ಭಾರ, ಇವತ್ತು ಅಷ್ಟೇ.

ನಮ್ಮವರು ಬಣ್ಣಕ್ಕೆ ಮರುಳು. ಮೀನು ಮುಟ್ಟಲಿಲ್ಲವೋ, ಕಂದು ಬಿಚ್ಚಿ ಹಸಿರು ಕಟ್ಟು. ಅಲ್ರೀ, ಗಿರ್ಮಿಟ್ ತಟ್ಟೆ ಅಟ್ಟದ ಮೇಲಿಟ್ಟು, ಕೆಳಗೆ ಕೂತವನಿಗೆ 'ಖಾರ ಕಡಿಮೆ ಮಾಡಲೇನು' ಅಂತ ಕೇಳಿದಂಗಾಯ್ತು! ಕಲ್ಲುಗಳ ತಡೆಯಿಂದ ತಳದಲ್ಲಿ ಸೆಳವು ಕಡಿಮೆ. ಟ್ರೌಟ್ ಅಲ್ಲೇ ನಿಂತಿರುತ್ತದೆ. ತಟ್ಟೆ ಅಲ್ಲಿಗೆ ಇಳೀಬೇಕು.

ಇಂಗ್ಲೆಂಡಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಇದನ್ನ ಬಹಳ ಚೆಂದ ಬಗೆಹರಿಸಿದ. ಫೆಸೆಂಟ್ ಹಕ್ಕಿಯ ಬಾಲದ ಗರಿ, ಕೂದಲೆಳೆಯಂಥ ತಾಮ್ರದ ತಂತಿ. ಕಟ್ಟೋಕೆ ದಾರವೇ ಇಲ್ಲ! ತಂತಿಯೇ ಕಟ್ಟು, ತಂತಿಯೇ ಭಾರ. ಎದೆಯ ಹತ್ತಿರ ಅದನ್ನೇ ಸುತ್ತಿ ಸಣ್ಣ ಗೂನು ತೆಗೆದ. ಕಾಲುಗಳನ್ನ ಬಿಟ್ಟೇಬಿಟ್ಟ, ಈಜುವ ನಿಜವಾದ ನಿಂಫ್ ಹುಳ ಕಾಲನ್ನ ಮೈಗೆ ಒತ್ತಿಕೊಂಡಿರುತ್ತದೆ ಅಂತ ಕಂಡುಕೊಂಡಿದ್ದ. ಮೈ ನುಣುಪಾದದ್ದಕ್ಕೆ ಬೇಗ ಮುಳುಗಿತು. ಕಣದಲ್ಲಿ ಜೋಳ ತೂರಿದವರಿಗೆ ಇದು ಹೊಸದಲ್ಲ: ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಹಾರುತ್ತದೆ. ತುಪ್ಪಳ ತುಂಬಿದ ನಿಂಫ್ ಅಂದರೆ ಹೊಟ್ಟು.

ಈಗ ಮಣಿ, ಅಂದರೆ ಭಾರಕ್ಕೆ ನಿಂಫಿನ ತಲೆಗೆ ಪೋಣಿಸುವ ಲೋಹದ ಗುಂಡು. ನೀರಿಗೆ 1 ಅಂದರೆ ಸಾಂದ್ರತೆ ಹಿತ್ತಾಳೆಗೆ ಸುಮಾರು 8.5, ಸೀಸಕ್ಕೆ 11.3, ಟಂಗ್‌ಸ್ಟನ್‌ಗೆ 19.3. 14ನೇ ನಂಬರಿನ ಗಾಳಕ್ಕೆ 2.8 ಮಿ.ಮೀ. ಮಣಿ ಸಾಕು, 16ಕ್ಕೆ 2.3 (ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು). 'ಒಂಚೂರು ದೊಡ್ಡದಿರಲಿ' ಅಂತ 14ಕ್ಕೇ 3.8 ಏರಿಸಿದಿರೋ, ಹೆಚ್ಚಿದ್ದು ಒಂದೇ ಮಿ.ಮೀ., ತೂಕ ಎರಡೂವರೆ ಪಟ್ಟು! ಗಾಳದ ಬಾಯಿಯೂ ಮುಚ್ಚಿಹೋಗಿ ಮೀನು ಕಚ್ಚಿದರೂ ಸಿಗೋದಿಲ್ಲ. ಅದರ ಬದಲು ಮಣಿಯ ಹಿಂದೆ ಗಾಳದ ಕಡ್ಡಿಯಷ್ಟೇ ದಪ್ಪದ ಸೀಸದ ತಂತಿ ಆರೆಂಟು ಸುತ್ತು ಹಾಕಿ, ಮಣಿಯ ತೂತಿನೊಳಗೆ ಒತ್ತಿ. ಮಣಿ ಅಲುಗಾಡೋದೂ ನಿಲ್ಲುತ್ತದೆ.

ಭಾರ ಸರಿಯಿದೆಯೋ ಇಲ್ಲವೋ ಹೊಳೆಯೇ ಹೇಳುತ್ತದೆ. ಮೂರು-ನಾಲ್ಕು ಸಲ ಬಿಟ್ಟರೆ ಒಮ್ಮೆ ತಳ ತಾಕಬೇಕು. ಪ್ರತಿ ಸಲ ಸಿಕ್ಕಿಬಿದ್ದರೆ ಭಾರ ಇಳಿಸಿ. ಒಮ್ಮೆಯೂ ತಾಕದಿದ್ದರೆ ಮೊದಲು ನೀರಿನಲ್ಲಿರೋ ಗಾಳದ ದಾರ ನೋಡಿ: ಮೇಲಿನ ನೊರೆಗುಳ್ಳೆಗಿಂತ ಅದು ನಿಧಾನ ಸಾಗಬೇಕು. ನೊರೆಯನ್ನೇ ಹಿಂದೆ ಹಾಕಿ ಓಡುತ್ತಿದ್ದರೆ ಸೆಳವು ನಿಂಫನ್ನ ಮೇಲಕ್ಕೆ ಎಳೀತಿದೆ. ಅಲ್ಲಿ ಮಣಿಯ ತಪ್ಪಿಲ್ಲ. ಟಿಪ್ಪೆಟ್, ಅಂದರೆ ನಿಂಫ್ ಕಟ್ಟುವ ದಾರದ ಕೊನೆಯ ತೆಳು ಎಳೆ, 0.15 ಮಿ.ಮೀ. ಇದ್ದರೆ 0.12ಕ್ಕೆ ಇಳಿದು ನೋಡಿ, ಅದೇ ನಿಂಫ್ ಇನ್ನೂ ಆಳಕ್ಕೆ ಹೋಗುತ್ತದೆ.

ಚಹಾ ಬಂತು ಅಂತ ಹಿಂದಿನಿಂದ ಸನ್ನೆಯಾಗ್ತಿದೆ. ಆಯ್ಕೆಯದು ಎರಡೇ ಮಾತು. ಹೊಳೆಯೊಳಗಿನ ಕಲ್ಲು ಮಗುಚಿ, ಅಡಿಯ ಹುಳ ನೋಡಿ. ಮೂರು ಬಾಲದ್ದು ಮೇಫ್ಲೈ, ಎರಡು ಬಾಲದ ದಪ್ಪನೆಯದು ಹೆಚ್ಚಾಗಿ ಸ್ಟೋನ್‌ಫ್ಲೈ, ಉಸುಕಿನ ಗೂಡಿನೊಳಗಿದ್ದದ್ದು ಕ್ಯಾಡಿಸ್. ಅಳತೆ ಹೊಂದಿಸಿ, ಆಮೇಲೆ ಆಕಾರ. ಬಣ್ಣ... ಅದನ್ನ ಚಹಾ ಕುಡೀತಾ ಜಗಳಾಡೋಣ ಬರ್ರಿ.